ಆರುನೂರ ಹನ್ನೆರಡನೇ ಮೀಟರಿನ ಎಟ್ಟಿ ಚಟ್ನಿ

ನೆಲದಿಂದ ಆರುನೂರ ಹನ್ನೆರಡು ಮೀಟರ್ ಕೆಳಗೆ, ಗಟ್ಟಿ ಕರಿಕಲ್ಲಿನ ಒಳಗೆ, ತೆಂಗಿನೆಣ್ಣೆ, ಉಪ್ಪು, ಬೆಳ್ಳುಳ್ಳಿ ಮತ್ತು ಒಣ ಸೀಗಡಿ ಉಂಟು. ಇದು ನಾನು ಹೇಳುವುದಲ್ಲ. ನಾನು ಹೇಳಿದ್ದನ್ನು ವಾಮದಪದವಿನಲ್ಲಿ ಯಾರೂ ಅರ್ಧಕ್ಕಿಂತ ಹೆಚ್ಚು ನಂಬುವುದಿಲ್ಲ, ಅದು ನನಗೂ ಗೊತ್ತು. ಇದು ಸರಕಾರದ ಕಂಪ್ಯೂಟರ್ ಹೇಳುವುದು. ಹದಿನೇಳು ದೇಶದವರು ತೆರೆದು ನೋಡಿ, ಹೌದೆಂದು ತಲೆ ಅಲ್ಲಾಡಿಸಿ ಹೋಗಿದ್ದಾರೆ.

ಸೀಗಡಿಗೆ ನಾವು ಎಟ್ಟಿ ಎನ್ನುತ್ತೇವೆ. ಎಟ್ಟಿ ಅಷ್ಟು ಆಳಕ್ಕೆ ಹೇಗೆ ಹೋಯಿತು ಎಂಬ ಬಗ್ಗೆ ವಿಜ್ಞಾನಿಗಳಲ್ಲಿ ಎರಡು ಪಂಗಡ ಉಂಟಂತೆ. ಮೂರನೆಯ ಪಂಗಡದಲ್ಲಿ ನಾನು ಒಬ್ಬಳೇ ಇದ್ದೇನೆ.

ನನ್ನ ಹೆಸರು ಕಾವೇರಮ್ಮ. ಪ್ರಾಯ ಎಪ್ಪತ್ತೊಂದು. ಶಾಲೆಗೆ ಹೋದದ್ದು ಮೂರನೇ ಕ್ಲಾಸಿನವರೆಗೆ. ಉಳಿದ ಕನ್ನಡವನ್ನು ಕಟ್ಟಿದ ಬೀಡಿ ಒಪ್ಪಿಸುವ ಬ್ರಾಂಚಿನ ನೋಟೀಸು ಬೋರ್ಡಿನಿಂದ ಕಲಿತೆ, ಹಾಗಾಗಿ ನನ್ನ ಬರವಣಿಗೆಯಲ್ಲಿ 'ತಕ್ಕದ್ದು' ಸ್ವಲ್ಪ ಜಾಸ್ತಿ. ನಾಲ್ವತ್ತು ವರ್ಷ ಬೀಡಿ ಕಟ್ಟಿದೆ. ಬೀಡಿ ಕಟ್ಟಲಿಕ್ಕೆ ಕೈ ಮತ್ತು ಕಣ್ಣು ಸಾಕು, ಬಾಯಿ ಖಾಲಿ ಇರುತ್ತದೆ. ಆ ಖಾಲಿ ಬಾಯಿಯಿಂದ ಊರಿಗೆ ಆದ ಉಪಕಾರವನ್ನು ಊರು ಇನ್ನೂ ಮರೆತಿಲ್ಲ. ಸಿದ್ಧಕಟ್ಟೆಯಲ್ಲಿ ಬೆಳಿಗ್ಗೆ ಯಾರದ್ದಾದರೂ ನಿಶ್ಚಯ ಮುರಿದರೆ ಮಧ್ಯಾಹ್ನದ ಬಸ್ಸಿನಲ್ಲಿ ಆ ಸುದ್ದಿ ನನಗೆ ಬರುತ್ತಿತ್ತು. ಸಂಜೆಯ ಬಸ್ಸಿನಲ್ಲಿ ಸ್ವಲ್ಪ ಮೈ ತುಂಬಿಕೊಂಡು ವಾಪಸು ಹೋಗುತ್ತಿತ್ತು.

ನಮ್ಮ ಬೀಡಿ ಬ್ರಾಂಚು ಮುಚ್ಚಿ ಆರು ವರ್ಷ ಬೀಗ ಬಿದ್ದಿದ್ದ ಕಟ್ಟಡಕ್ಕೆ ಒಂದು ದಿನ ಸುಣ್ಣ ಬಳಿದು ಬೋರ್ಡು ಹಾಕಿದರು: 'ಶಿಲಾತಿರುಳು ದತ್ತಾಂಶ ಮುಕ್ತ ವಿನಿಮಯ ಕೇಂದ್ರ'. ಶಿಲಾತಿರುಳು ಅಂದರೆ ನೆಲಕ್ಕೆ ಕೊಳವೆ ಇಳಿಸಿ ಬಾಳೆದಿಂಡಿನ ಹಾಗೆ ಉರುಟಾಗಿ ಎಳೆದು ತೆಗೆದ ಕಲ್ಲು. ಕಾರ್ಖಾನೆಗಳ ಕೆಟ್ಟ ಹೊಗೆಯನ್ನು ಹಿಡಿದು, ನೆಲದ ಅಡಿಗೆ ನೂಕಿ, ಕಲ್ಲಿನೊಳಗೆ ಕೂಡಿ ಹಾಕಬಹುದೋ ಎಂದು ನೋಡುವವರಿಗೆ ಈ ಕಲ್ಲು ಬೇಕಂತೆ. ಒಬ್ಬೊಬ್ಬರೂ ಒಂದೊಂದು ಕಡೆ ನೆಲ ಕೊರೆಯುವ ಬದಲು, ಕೊರೆದ ಕಲ್ಲಿನ ಫೋಟೋ, ತೂಕ, ಅದರೊಳಗೆ ಎಷ್ಟು ಸಣ್ಣ ತೂತು ಉಂಟು ಎಂಬುದನ್ನೆಲ್ಲ ಕಂಪ್ಯೂಟರಿಗೆ ಏರಿಸಿಟ್ಟರೆ ಜಗತ್ತಿನವರೆಲ್ಲ ಕೂತಲ್ಲೇ ನೋಡಬಹುದು. ನಾಲ್ವತ್ತು ವರ್ಷ ಊರಿಗೆಲ್ಲ ಹೊಗೆ ಕಟ್ಟಿಕೊಟ್ಟ ಕಟ್ಟಡಕ್ಕೆ ಹೊಗೆ ಹೂಳುವ ಕೆಲಸ ಬಂತು. ಅದರಲ್ಲಿ ಯಾರಿಗೂ ವಿಶೇಷ ಕಾಣಲಿಲ್ಲ.

ಕಲ್ಲು ನಮ್ಮ ಊರಿನದ್ದಲ್ಲ. ಉತ್ತರದ ಯಾವುದೋ ಜಿಲ್ಲೆಯದ್ದು. "ಆನ್‌ಲೈನ್ ಆದ ಮೇಲೆ ಕಲ್ಲು ಎಲ್ಲಿದ್ದರೇನು?" ಎಂದು ಉದ್ಘಾಟನೆಯ ದಿನ ಒಬ್ಬರು ಭಾಷಣ ಮಾಡಿದರು. ಈ ಮಾತನ್ನು ಮೂರು ತಾಲೂಕಿನವರು ಕೇಳಿಸಿಕೊಂಡು ತಮತಮಗೆ ಬೇಕೆಂದು ಪತ್ರ ಬರೆದದ್ದರಿಂದ ಕೇಂದ್ರವನ್ನು ನ್ಯಾಯವಾಗಿ ಹಂಚಲಾಯಿತು. ಕಲ್ಲು ಬಂಟ್ವಾಳ ತಾಲೂಕಿಗೆ, ಅಂದರೆ ನಮ್ಮ ವಾಮದಪದವಿಗೆ. ಕಲ್ಲನ್ನು ಪರೀಕ್ಷೆ ಮಾಡುವ ಯಂತ್ರ ಮೂಡುಬಿದಿರೆಗೆ. ಅಧಿಕಾರಿ ಮತ್ತು ರಬ್ಬರ್ ಸೀಲು ಬೆಳ್ತಂಗಡಿಗೆ. ಕಲ್ಲು ಇದ್ದವರ ಹತ್ತಿರ ಯಂತ್ರ ಇಲ್ಲ, ಯಂತ್ರ ಇದ್ದವರ ಹತ್ತಿರ ಸೀಲು ಇಲ್ಲ, ಸೀಲು ಇದ್ದವರು ಕಲ್ಲು ಕಂಡೇ ಇಲ್ಲ. ಹೀಗಾಗಿ ಯಾರೊಬ್ಬರೂ ಒಬ್ಬರೇ ತಪ್ಪು ಮಾಡುವ ಹಾಗಿರಲಿಲ್ಲ. ಮಾಡುವುದಾದರೆ ಮೂವರೂ ಸೇರಿಯೇ ಮಾಡಬೇಕು.

ಬಾಗಿಲಿನಲ್ಲಿ, ಹಿಂದೆ ಬೀಡಿ ಎಲೆಯ ನೋಟೀಸು ಇದ್ದ ಜಾಗದಲ್ಲಿ, ಹೊಸ ನೋಟೀಸು ಅಂಟಿಸಿದರು:

'ಈ ಕೇಂದ್ರದ ದತ್ತಾಂಶವು ಸರ್ವರಿಗೂ ಮುಕ್ತವಾಗಿರತಕ್ಕದ್ದು. ಮುಕ್ತ ದತ್ತಾಂಶ ಬೇಕಾದವರು ಮೂರು ಪ್ರತಿ ಅರ್ಜಿ, ಎರಡು ಭಾವಚಿತ್ರ, ಹಾಗೂ ಸದರಿ ದತ್ತಾಂಶವನ್ನು ತಾವು ಈ ಹಿಂದೆ ನೋಡಿರುವುದಿಲ್ಲ ಎಂಬ ಪ್ರಮಾಣಪತ್ರದೊಂದಿಗೆ ಬೆಳ್ತಂಗಡಿ ಕಚೇರಿಗೆ ಖುದ್ದು ಹಾಜರಾಗತಕ್ಕದ್ದು. ಖುದ್ದು ಹಾಜರಾಗಲು ಸಾಧ್ಯವಿಲ್ಲದ ಕಾರಣ ವಿದೇಶೀಯರಿಗೆ ಇದರಿಂದ ವಿನಾಯಿತಿ ನೀಡಲಾಗಿದೆ.'

ಮೊದಲ ವರ್ಷ ಒಟ್ಟು ನಾಲ್ಕು ಡೌನ್‌ಲೋಡ್ ಆಯಿತು. ಮೂರು, ಸರಿ ಬರುತ್ತದೋ ನೋಡಲಿಕ್ಕೆ ನಮ್ಮ ಅಕ್ಷಿತಾ ಮಾಡಿದ್ದು. ನಾಲ್ಕನೆಯದ್ದು ಚಾರ್ಮಾಡಿಯ ಒಬ್ಬರು ಜಲ್ಲಿಕಲ್ಲಿನ ಅಂಗಡಿ ಎಂದು ತಿಳಿದು ಮಾಡಿದ್ದು.

ಅಕ್ಷಿತಾ ನನ್ನ ಮಗಳ ಮಗಳು. ಬಿ.ಎಸ್ಸಿ. ಕಲಿತು ಇದೇ ಕೇಂದ್ರದಲ್ಲಿ ಕಂಪ್ಯೂಟರಿಗೆ ಮಾಹಿತಿ ಹಾಕುವ ಕೆಲಸಕ್ಕೆ ಸೇರಿದಳು. ಹನ್ನೊಂದು ತಿಂಗಳ ಗುತ್ತಿಗೆ, ಮುಗಿದಾಗಲೆಲ್ಲ ಮುಂದುವರಿಸಬೇಕು. ಮನೆಯಲ್ಲಿ ಒಂದು ಒಪ್ಪಂದ ಆಗಿತ್ತು. ಕೆಲಸ ಇರುವಷ್ಟು ದಿನ ಮದುವೆಯ ಮಾತು ಎತ್ತುವುದಿಲ್ಲ. ಕೆಲಸ ಹೋದ ದಿನ, ಅವಳ ಅಪ್ಪ ಕಪಾಟಿನಲ್ಲಿಟ್ಟ ಕತಾರಿನ ಹುಡುಗನ ಫೋಟೋ ಹೊರಗೆ ಬರುತ್ತದೆ. ಆ ಹುಡುಗ ಫೋಟೋದಲ್ಲಿ ಬೇರೆ ಯಾರದ್ದೋ ಕಾರಿಗೆ ಒರಗಿ ನಿಂತಿದ್ದಾನೆ. ಬೇರೆಯವರದ್ದು ಎಂದು ನನಗೆ ಹೇಗೆ ಗೊತ್ತೆಂದು ಕೇಳಬೇಡಿ. ನಾನು ವಿಚಾರಿಸಿದ್ದೇನೆ.

ಕಾವಲಿಗೆ ಜತ್ತಪ್ಪನನ್ನು ಇಟ್ಟರು. ಜತ್ತಪ್ಪ ಅಂದರೆ ನಮ್ಮ ಬ್ರಾಂಚಿನ ಹಳೆಯ ಚೆಕ್ಕರ್. ನಾವು ಕಟ್ಟಿ ತಂದ ಬೀಡಿಯನ್ನು ಬೆರಳಲ್ಲಿ ತಿರುಗಿಸಿ, ಮೂಸಿ, "ತಲೆ ಸರಿ ಇಲ್ಲ" ಎಂದು ಬದಿಗೆ ಎಸೆಯುತ್ತಿದ್ದ ಮನುಷ್ಯ. ನಾಲ್ವತ್ತು ವರ್ಷದಲ್ಲಿ ನನ್ನ ಒಂದು ಚೀಲವನ್ನೂ ಅವನು ಪೂರ್ತಿ ಪಾಸು ಮಾಡಿದ್ದಿಲ್ಲ. ಒಂದು ಕಟ್ಟಿಗೆ ಇಪ್ಪತ್ತೈದು ಬೀಡಿಯ ಲೆಕ್ಕ. ಮೇಲೆ ಒಂದೆರಡು ಹೆಚ್ಚು ಬಂದರೆ ಅದು ಚೆಕ್ಕರನಿಗೆ. ಹಾಗೆಂದು ಎಲ್ಲಿಯೂ ಬರೆದಿರಲಿಲ್ಲ, ಆದರೆ ಬರೆದ ನಿಯಮಗಳಿಗಿಂತ ಅದು ಗಟ್ಟಿಯಾಗಿ ನಡೆಯುತ್ತಿತ್ತು.

ಇಲ್ಲಿಂದ ನನ್ನ ಪಾತ್ರ ಶುರು.

ಲಾರಿಯಲ್ಲಿ ಕಲ್ಲು ಬಂದಾಗ ಅದನ್ನು ತೊಳೆದು ಪೆಟ್ಟಿಗೆಯಲ್ಲಿ ಜೋಡಿಸಲಿಕ್ಕೆ ಹೆಂಗಸರು ಬೇಕೆಂದು ಅಕ್ಷಿತಾ ಹೇಳಿದಳು. ನಾನು, ನೆರೆಮನೆಯ ಅವ್ವಮ್ಮ, ಮತ್ತೆ ಹಳೆಯ ಬೀಡಿಯ ನಾಲ್ಕು ಜನ ಹೋದೆವು. ಪೆಟ್ಟಿಗೆಯಲ್ಲಿ ಐದು ಸಾಲು, ಒಂದೊಂದು ಸಾಲಿನಲ್ಲಿ ಒಂದು ಮೀಟರ್ ಕಲ್ಲು. ಕಲ್ಲು ದಾರಿಯಲ್ಲಿ ಮುರಿದು ತುಂಡು ತುಂಡಾಗಿತ್ತು. ಮುರಿದದ್ದನ್ನು ಎಷ್ಟು ಒತ್ತಿ ಇಟ್ಟರೂ ಎಡೆ ಬಿಡುತ್ತದೆ. ನನ್ನ ಸಾಲು ತುಂಬಿದ ಮೇಲೂ ಒಂದು ಗೇಣು ಉದ್ದದ ಒಂದು ತುಂಡು ಕೈಯಲ್ಲಿ ಉಳಿಯಿತು. ನಯವಾಗಿ, ಉರುಟಾಗಿ, ನಡುವಿನಲ್ಲಿ ಜನಿವಾರದ ಹಾಗೆ ಒಂದು ಬಿಳಿ ಗೆರೆ.

"ಇದೆಂತ ಮಾಡುವುದು?" ಎಂದು ಅವ್ವಮ್ಮನನ್ನು ಕೇಳಿದೆ.

"ಹಿಡಿಸದಿದ್ದರೆ ಹೆಚ್ಚಾದದ್ದು" ಎಂದಳು ಅವಳು.

"ಹೆಚ್ಚಾದದ್ದು ಚೆಕ್ಕರನಿಗೆ."

"ಚೆಕ್ಕರ್ ಈಗ ವಾಚ್‌ಮ್ಯಾನ್ ಅಲ್ವಾ. ಜೋಡಿಸುವವರು ನಾವು, ನೋಡುವವರು ನಾವು. ಈಗ ಚೆಕ್ಕರ್ ಯಾರು?"

ಅದು ನನಗೆ ನ್ಯಾಯವಾಗಿ ಕಂಡಿತು. ನನ್ನ ಅರೆಯುವ ಕಲ್ಲಿನ ಗುಂಡು ಹಿಂದಿನ ವಾರವಷ್ಟೇ ಒಡೆದು ಎರಡು ಹೋಳಾಗಿತ್ತು. ದೇವರು ಕೊಟ್ಟ ಹಾಗೆ ಅದೇ ಅಳತೆ. ನಾಲ್ವತ್ತು ವರ್ಷ ಬೇರೆಯವರಿಗೆ ಹೋದ ಹೆಚ್ಚಿನದ್ದು ಒಮ್ಮೆಯಾದರೂ ನನಗೆ ಬಂತಲ್ಲ ಎಂದು ಸೆರಗಿನಲ್ಲಿ ಸುತ್ತಿ ತಂದೆ.

ನಾಲ್ಕು ತಿಂಗಳು ಆ ಕಲ್ಲಿನಲ್ಲಿ ಚಟ್ನಿ ಅರೆದೆ. ತೆಂಗಿನಕಾಯಿ, ಒಣಮೆಣಸು, ಬೆಳ್ಳುಳ್ಳಿ, ಹುರಿದ ಒಣ ಎಟ್ಟಿ. ಗಂಜಿಗೆ ಬೇರೆ ಏನೂ ಬೇಡ. ಅಕ್ಷಿತಾ ಕೂಡ, "ಅಜ್ಜಿ, ಈಗೀಗ ಚಟ್ನಿ ಭಾರೀ ಲಾಯ್ಕ್ ಆಗ್ತಾ ಉಂಟು" ಎಂದು ಎರಡೆರಡು ಸಲ ಹಾಕಿಸಿಕೊಳ್ಳುತ್ತಿದ್ದಳು.

ಆಮೇಲೆ ಬೆಳ್ತಂಗಡಿಯಿಂದ ಸುತ್ತೋಲೆ ಬಂತು. ಸಹಾಯಕ ನಿರ್ದೇಶಕರಾದ ಧನರಾಜ್ ಸಾರ್ ಅವರ ಸೀಲು ಇತ್ತು.

'ನಿಯಮ ಏಳು: ದತ್ತಾಂಶ ಕೋಷ್ಟಕದಲ್ಲಿ ಖಾಲಿ ಚೌಕ ಇರತಕ್ಕದ್ದಲ್ಲ. ಮುಂದಿನ ಸೋಮವಾರದ ತಪಾಸಣೆಯಲ್ಲಿ ಖಾಲಿ ಚೌಕ ಕಂಡುಬಂದಲ್ಲಿ ಸಂಬಂಧಪಟ್ಟ ಗುತ್ತಿಗೆ ನೌಕರರ ಸೇವೆಯನ್ನು ಮುಂದುವರಿಸತಕ್ಕದ್ದಲ್ಲ.'

ಇಡೀ ಕೇಂದ್ರದಲ್ಲಿ ಗುತ್ತಿಗೆ ನೌಕರರು ಅಂದರೆ ಅಕ್ಷಿತಾ ಒಬ್ಬಳೇ. ಇಡೀ ಕೋಷ್ಟಕದಲ್ಲಿ ಖಾಲಿ ಚೌಕವೂ ಒಂದೇ. ಅವಳು ಆ ದಿನ ಊಟ ಮಾಡಲಿಲ್ಲ.

"ಆರುನೂರ ಹನ್ನೆರಡನೇ ಮೀಟರಿನ ಒಂದು ಸ್ಯಾಂಪಲ್ ಇಲ್ಲ ಅಜ್ಜಿ. ಲಾರಿಯಿಂದ ಇಳಿದ ಪಟ್ಟಿಯಲ್ಲಿ ಉಂಟು, ಪೆಟ್ಟಿಗೆಯಲ್ಲಿ ಇಲ್ಲ. ಯಾರೋ ಕದ್ದಿದ್ದಾರೆ."

ಕದ್ದಿದ್ದಾರೆ ಎಂಬ ಶಬ್ದ ಕಿವಿಗೆ ಬಿದ್ದದ್ದೇ ನನಗೆ ಹತ್ತು ವರ್ಷ ಪ್ರಾಯ ಕಡಿಮೆ ಆಯಿತು. ಮೊಮ್ಮಗಳ ಕೆಲಸ ಹೋಗುವ ದುಃಖ ಒಂದು ಕಡೆ. ಆದರೆ ಊರಿನಲ್ಲಿ ಒಂದು ಸರಿಯಾದ ಕಳ್ಳತನ ಆಗದೆ ಎರಡು ವರ್ಷ ಆಗಿತ್ತು. ಆರುನೂರ ಹನ್ನೆರಡು ಮೀಟರ್, ಸ್ಯಾಂಪಲ್ ಎಂಬ ಅಷ್ಟು ದೊಡ್ಡ ಹೆಸರಿನ ವಸ್ತುವಿಗೂ ನನ್ನ ಅಡಿಗೆ ಮನೆಗೂ ಸಂಬಂಧ ಇರಬಹುದೆಂದು ನನಗೆ ಹೊಳೆಯಲಿಲ್ಲ. ನನ್ನದು ಹೆಚ್ಚಾದದ್ದು. ಅದು ಕಡಿಮೆಯಾದದ್ದು. ಎರಡೂ ಬೇರೆ ಬೇರೆ.

ಕಟ್ಟಡದ ಬೀಗದ ಕೈ ಇರುವುದು ಜತ್ತಪ್ಪನ ಹತ್ತಿರ. ಮತ್ತೆ ವಿಚಾರಣೆ ಎಂತದ್ದು? ಮೊದಲ ದಿನ ಹಾಲಿನ ಸೊಸೈಟಿಯಲ್ಲಿ, "ನಾನು ಹೇಳಿದೆ ಅಂತ ಬೇಡ, ಆದರೆ ಕೀ ಯಾರ ಹತ್ತಿರ ಉಂಟು ಯೋಚನೆ ಮಾಡಿ" ಎಂದಷ್ಟೇ ಹೇಳಿದೆ. ಎರಡನೆಯ ದಿನ ರೇಷನ್ ಅಂಗಡಿಯ ಸಾಲಿನಲ್ಲಿ, ಕಲ್ಲನ್ನು ಗ್ರಾನೈಟಿನವರಿಗೆ ಮಾರಿದ್ದಾನೆ ಎಂದಾಯಿತು. ಮೂರನೆಯ ದಿನ ಸಿದ್ಧಕಟ್ಟೆಯ ಬಸ್ಸಿನಲ್ಲಿ ನನಗೇ ಒಬ್ಬರು, ಜತ್ತಪ್ಪ ಆ ಕಲ್ಲಿನೊಳಗಿನ ವಜ್ರ ತೆಗೆದು ಮಗಳಿಗೆ ಬೆಂಡೋಲೆ ಮಾಡಿಸಿದ್ದಾನೆ ಎಂದು ಹೇಳಿದರು. ನಾನೇ ಹುಟ್ಟಿಸಿದ್ದಾದರೂ ಕೇಳುವಾಗ ಆಶ್ಚರ್ಯಪಟ್ಟೆ.

ಅವ್ವಮ್ಮ ಮಾತ್ರ ಒಪ್ಪಲಿಲ್ಲ. "ಕಾವೇರಕ್ಕ, ನೀವು ಕಣ್ಣಿಂದ ಕಂಡಿರಾ?"

"ಕಂಡದ್ದನ್ನು ಹೇಳಲಿಕ್ಕೆ ನಾನು ಯಾಕೆ ಬೇಕು ಮಾರಾಯ್ತಿ, ಅದನ್ನು ಎಲ್ಲರೂ ಹೇಳುತ್ತಾರೆ."

ಶನಿವಾರ ಮಧ್ಯಾಹ್ನ ಅಕ್ಷಿತಾ ಫೋನಿನಲ್ಲಿ ಒಂದು ಫೋಟೋ ತೋರಿಸಿದಳು. ಲಾರಿಯಿಂದ ಇಳಿಸುವಾಗ ತೆಗೆದದ್ದಂತೆ. "ಇದೇ ಅಜ್ಜಿ ಕಳೆದುಹೋದ ತುಂಡು. ನೋಡಿ, ನಡುವಲ್ಲಿ ಬಿಳಿ ಗೆರೆ."

ನಾನು ಕನ್ನಡಕ ಒರೆಸಿ ನೋಡಿದೆ. ಮತ್ತೆ ಅಡಿಗೆ ಮನೆಯ ಕಡೆ ನೋಡಿದೆ. ಅವಳೂ ನಾನು ನೋಡಿದ ಕಡೆಗೇ ನೋಡಿದಳು. ಕಲ್ಲಿನ ಮೇಲೆ ಬೆಳಗ್ಗಿನ ಚಟ್ನಿ ಇನ್ನೂ ಅಂಟಿಕೊಂಡಿತ್ತು.

"ಅಜ್ಜಿ" ಎಂದಳು. ಅಷ್ಟೇ. ಬೈದಿದ್ದರೆ ಸುಲಭವಿತ್ತು.

"ಪೆಟ್ಟಿಗೆಯಲ್ಲಿ ಹಿಡಿಸಲಿಲ್ಲ ಮಗಾ. ಹೆಚ್ಚಾದದ್ದು ಅಂತ ತಂದೆ."

"ಇಡೀ ಊರಲ್ಲಿ ಜತ್ತಪ್ಪಣ್ಣನ ಹೆಸರು ಹೇಳ್ಕೊಂಡು ಬಂದಿರಲ್ಲ."

"ಮೂರು ಜನರ ಹತ್ತಿರ ಮಾತ್ರ ಹೇಳಿದ್ದು."

"ನಿಮ್ಮ ಮೂರು ಜನ ಅಂದ್ರೆ ಬಂಟ್ವಾಳ ತಾಲೂಕು ಅಜ್ಜಿ."

ಕಲ್ಲನ್ನು ಅಂಟುವಾಳ ಹಾಕಿ ತೊಳೆದೆ. ಬೂದಿ ಹಾಕಿ ತಿಕ್ಕಿದೆ. ಬಿಸಿಲಿಗೆ ಇಟ್ಟೆ. ಎಷ್ಟು ತೊಳೆದರೂ ಒಂದು ಸಣ್ಣ ಪರಿಮಳ ಉಳಿಯಿತು. ಆಮೇಲೆ ಅದನ್ನು ರೇಷನ್ ಚೀಲದಲ್ಲಿಟ್ಟು, ಮೇಲೆ ಒಂದು ಕಟ್ಟು ನುಗ್ಗೆ ಸೊಪ್ಪು ಇಟ್ಟು ಕೇಂದ್ರಕ್ಕೆ ಹೊರಟೆ. ಬಾಗಿಲಿನಲ್ಲಿ ಜತ್ತಪ್ಪ ಕೂತಿದ್ದ.

"ಚೀಲ ಭಾರ ಕಾಣುತ್ತದೆ ಕಾವೇರಕ್ಕ."

"ಸೊಪ್ಪು."

"ಸೊಪ್ಪಿಗೆ ಹೆಗಲು ಇಷ್ಟು ಬಾಗುವುದಿಲ್ಲ. ತೆರೆಯಿರಿ."

ನಾಲ್ವತ್ತು ವರ್ಷ ಅವನ ಎದುರು ಚೀಲ ತೆರೆದ ಅಭ್ಯಾಸ. ಬೇಡ ಎಂದು ಮನಸ್ಸು ಹೇಳುವಷ್ಟರಲ್ಲಿ ಕೈ ತೆರೆದಾಗಿತ್ತು. ಅವನು ಸೊಪ್ಪು ಬದಿಗಿಟ್ಟು ಕಲ್ಲನ್ನು ಎತ್ತಿದ. ಬೆರಳಲ್ಲಿ ತಿರುಗಿಸಿದ. ಮೂಗಿಗೆ ಹಿಡಿದ.

"ಎಟ್ಟಿ ಚಟ್ನಿ" ಎಂದ.

ನಾನು ಮಾತಾಡಲಿಲ್ಲ. ನಾನು ಮಾತಾಡದೆ ನಿಂತದ್ದನ್ನು ಅವನು ಜೀವಮಾನದಲ್ಲಿ ಮೊದಲ ಸಲ ನೋಡಿದ್ದು.

"ನನ್ನ ಮಗಳಿಗೆ ವಜ್ರದ ಬೆಂಡೋಲೆ ಅಂತೆ. ಅವಳ ಅತ್ತೆ ಫೋನು ಮಾಡಿ ಕೇಳಿದರು, ನಮಗೆ ಯಾಕೆ ತೋರಿಸಲಿಲ್ಲ ಅಂತ."

"ಬೆಂಡೋಲೆ ನಾನು ಹೇಳಿದ್ದಲ್ಲ. ನಾನು ಗ್ರಾನೈಟಿನವರೆಗೆ ಮಾತ್ರ."

ಅವನು ಕಲ್ಲನ್ನು ಚೀಲಕ್ಕೆ ಹಾಕಿ ಸೊಪ್ಪು ಮುಚ್ಚಿದ. "ಆ ಹುಡುಗಿಯ ಮುಖ ನೋಡಿ ಬಿಡುತ್ತೇನೆ. ಪಾಸು. ಒಳಗೆ ಹೋಗಿ ಇಡಿ. ಆದರೆ ಹೇಳಿದಲ್ಲೆಲ್ಲ ಹೋಗಿ, ಕದ್ದದ್ದು ಜತ್ತಪ್ಪ ಅಲ್ಲ ಅಂತ ಹೇಳಿ ಬರಬೇಕು."

ನಾಲ್ವತ್ತು ವರ್ಷದಲ್ಲಿ ಅವನು ನನ್ನ ಚೀಲವನ್ನು ಪೂರ್ತಿ ಪಾಸು ಮಾಡಿದ್ದು ಅದೊಂದೇ ಸಲ. ಅದರಲ್ಲಿದ್ದದ್ದು ಕದ್ದ ಮಾಲು.

ಭಾನುವಾರ ಇಡೀ ತಿರುಗಿದೆ. ಹಾಲಿನ ಸೊಸೈಟಿಯಲ್ಲಿ, "ಕಲ್ಲು ಸಿಕ್ಕಿತು, ಜತ್ತಪ್ಪ ತೆಗೆದದ್ದಲ್ಲ" ಎಂದೆ. "ಹೌದಾ, ಹೆದರಿ ವಾಪಸು ಇಟ್ಟನಾ?" ಎಂದರು. ರೇಷನ್ ಅಂಗಡಿಯಲ್ಲಿ, "ನಿಮಗೆ ಎಷ್ಟು ಕೊಟ್ಟ ಕಾವೇರಕ್ಕ ಹೀಗೆ ಹೇಳಲಿಕ್ಕೆ?" ಎಂದು ಕೇಳಿದರು. ಸಂಜೆಗೆ ಮನೆಗೆ ಬರುವಾಗ ಜತ್ತಪ್ಪನ ಕತೆಯ ಒಳಗೆ ನಾನೂ ಪಾಲುದಾರಳಾಗಿ ಸೇರಿದ್ದೆ. ಕೇಂದ್ರದ ಗೋಡೆಯಲ್ಲಿ ಒಂದು ನಿಯಮ ಬರೆದಿದ್ದರು: 'ನಿಯಮ ಹನ್ನೊಂದು: ಒಮ್ಮೆ ಏರಿಸಿದ ಮಾಹಿತಿಯನ್ನು ಇಳಿಸಲು ಅವಕಾಶವಿರತಕ್ಕದ್ದಲ್ಲ, ಸೇರಿಸಲು ಮಾತ್ರ ಅವಕಾಶ.' ಆ ನಿಯಮವನ್ನು ಬೆಳ್ತಂಗಡಿಯವರು ಹೊಸದಾಗಿ ಕಂಡುಹಿಡಿದದ್ದೆಂದು ನಾನು ತಿಳಿದಿದ್ದೆ. ಅದು ಮೊದಲಿಂದಲೂ ನನ್ನ ಬಾಯಿಯ ನಿಯಮವೇ.

ಸೋಮವಾರದ ತಪಾಸಣೆಯಲ್ಲಿ ಖಾಲಿ ಚೌಕ ಇರಲಿಲ್ಲ. ಅಕ್ಷಿತಾ ಊಟ ಮಾಡಿದಳು. ಕತೆ ಅಲ್ಲಿಗೆ ಮುಗಿಯಬೇಕಿತ್ತು. ಆದರೆ ಹೊಸದಾಗಿ ಭರ್ತಿಯಾದ ಚೌಕದ ಕಲ್ಲನ್ನು ಮೊದಲು ಪರೀಕ್ಷೆಗೆ ಕಳುಹಿಸತಕ್ಕದ್ದು ಎಂಬ ಇನ್ನೊಂದು ನಿಯಮ ಇತ್ತು. ಕಲ್ಲು ಮೂಡುಬಿದಿರೆಗೆ ಹೋಯಿತು. ಎಂಟು ದಿನದಲ್ಲಿ ವರದಿ ಬಂತು, ಬಂದ ಹಾಗೆಯೇ ಕಂಪ್ಯೂಟರಿಗೆ ಏರಿತು:

'ತೈಲಾಂಶ ಕಂಡುಬಂದಿದೆ. ಲವಣಾಂಶ ಕಂಡುಬಂದಿದೆ. ಗಂಧಕಯುಕ್ತ ತೀಕ್ಷ್ಣ ವಾಸನೆ ಕಂಡುಬಂದಿದೆ. ಸಮುದ್ರಜೀವಿಯ ಅವಶೇಷ ಕಂಡುಬಂದಿದೆ. ಇಷ್ಟು ಪ್ರಮಾಣದ ತೈಲವನ್ನು ಹೀರಿಕೊಂಡ ಶಿಲೆಯು ಹೊಗೆಯನ್ನೂ ಹೀರಿಕೊಳ್ಳಬಲ್ಲದೆಂದು ಅಭಿಪ್ರಾಯಪಡಲಾಗಿದೆ.'

ಮೂರು ದಿನದಲ್ಲಿ ಡೌನ್‌ಲೋಡ್ ನಾಲ್ಕರಿಂದ ಹನ್ನೊಂದು ಸಾವಿರಕ್ಕೆ ಹೋಯಿತು. ಬೆಂಕಿಯಿಂದ ಹುಟ್ಟಿದ ಕಲ್ಲಿನ ಒಳಗೆ ಸಮುದ್ರ ಹೇಗೆ ಬಂತು ಎಂದು ಒಂದು ಪಂಗಡ, ಸಮುದ್ರದ ಒಳಗೆ ಬೆಂಕಿ ಹೇಗೆ ಬಂತು ಎಂದು ಇನ್ನೊಂದು ಪಂಗಡ. ಅದೇ ಕಲ್ಲಿನ ಎರಡನೇ ಮಾದರಿ ಉಂಟಾ ಎಂದು ವಿದೇಶದಿಂದ ಕಾಗದ.

ಅಕ್ಷಿತಾ ಎರಡು ದಿನ ಮುಖ ಊದಿಸಿಕೊಂಡಿದ್ದಳು. ಮೂರನೆಯ ದಿನ ಬೆಳಿಗ್ಗೆ, "ಅಜ್ಜಿ, ನಾನು ಬರೆದುಬಿಡ್ತೇನೆ" ಎಂದಳು.

"ಎಂತ ಬರೆಯುವುದು?"

"ಕೋಷ್ಟಕದ ಕೊನೆಯಲ್ಲಿ ಷರಾ ಅಂತ ಒಂದು ಚೌಕ ಉಂಟು, ವಿಶೇಷ ಏನಾದ್ರೂ ಇದ್ದರೆ ಬರೆಯಲಿಕ್ಕೆ. ಈವರೆಗೆ ಎಲ್ಲದಕ್ಕೂ 'ಇಲ್ಲ' ಅಂತಲೇ ಹಾಕಿದ್ದೇನೆ. ಅದರಲ್ಲಿ ಇದ್ದದ್ದು ಇದ್ದ ಹಾಗೆ ಹಾಕ್ತೇನೆ. ಎಲ್ಲಿಯೋ ಯಾರೋ ಇದನ್ನು ನಂಬಿ ಹೊಗೆ ತುಂಬಿಸಲಿಕ್ಕೆ ಹೊರಟರೆ? ಕೆಲಸ ಹೋದ್ರೆ ಹೋಗ್ಲಿ. ಕತಾರಿನವನ ಫೋಟೋ ತೆಗೆದು ನೋಡುವ."

"ಆ ಕಾರು ಅವನದ್ದಲ್ಲ ಮಗಾ."

"ಗೊತ್ತುಂಟು. ಊರಿಗೇ ಗೊತ್ತುಂಟು."

ಬರೆದಳು: 'ಸದರಿ ಮಾದರಿಯು ನಾಲ್ಕು ತಿಂಗಳ ಕಾಲ ವಾಮದಪದವಿನ ಒಂದು ಮನೆಯಲ್ಲಿ ಚಟ್ನಿ ಅರೆಯಲು ಬಳಕೆಯಾಗಿರುತ್ತದೆ.' ಬರೆದದ್ದಕ್ಕೆ ಸೀಲು ಬೀಳಬೇಕಾದ್ದರಿಂದ ಕಾಗದ ಬೆಳ್ತಂಗಡಿಗೆ ಹೋಯಿತು. ಮರುದಿನ ಸಹಾಯಕ ನಿರ್ದೇಶಕರೇ ಜೀಪಿನಲ್ಲಿ ನಮ್ಮ ಮನೆಗೆ ಬಂದರು. ಅಕ್ಷಿತಾ ಬಾಗಿಲ ಬದಿಯಲ್ಲಿ ನಿಂತಳು. ಬ್ಯಾಗು ಹೆಗಲಲ್ಲೇ ಇತ್ತು. ಕಂಪ್ಯೂಟರ್ ಕೋಣೆಯ ಕೀಲಿ ಕೈಯಲ್ಲಿ ಹಿಡಿದು ಒಪ್ಪಿಸಲಿಕ್ಕೆ ತಯಾರಾಗಿದ್ದಳು.

ಧನರಾಜ್ ಸಾರ್ ಜಗಲಿಯಲ್ಲಿ ಕೂತು, ನೀರು ಕುಡಿದು, ಪುಸ್ತಕ ತೆರೆದರು.

"ಕಾವೇರಮ್ಮ, ಸತ್ಯ ಹೇಳಬೇಕು. ಎಟ್ಟಿ ಎಷ್ಟು?"

"ಒಂದು ಮುಷ್ಟಿ ಸಾರ್."

"ಮುಷ್ಟಿ ಅಂದರೆ ಎಷ್ಟು ಗ್ರಾಂ?"

"ನನ್ನ ಮುಷ್ಟಿಯಾ, 'ಕಾವೇರಕ್ಕ ಸ್ವಲ್ಪ ಕೊಡಿ' ಅಂತ ಬರುವ ಅವ್ವಮ್ಮನ ಮುಷ್ಟಿಯಾ?"

ಅವರು 'ಸ್ಥಳೀಯ ಮುಷ್ಟಿ' ಎಂದು ಬರೆದರು. "ಹಸಿಯಾ, ಹುರಿದದ್ದಾ?"

"ಹಸಿ ಅರೆದರೆ ಯಾರು ತಿನ್ನುತ್ತಾರೆ ಸಾರ್?"

'ಉಷ್ಣ ಸಂಸ್ಕರಣೆ' ಎಂದು ಬರೆದರು. "ಯಾವ ದಿಕ್ಕಿಗೆ ಅರೆಯುವುದು?"

"ಮುಂದೆ ಹಿಂದೆ. ಸೊಂಟ ನೋವಿದ್ದ ದಿನ ಮುಂದೆ ಮಾತ್ರ."

ಅದನ್ನೂ ಬರೆದರು. ನಾನು ಕಾಲಿಗೆ ಬೀಳುವುದೊಂದು ಬಾಕಿ. "ಸಾರ್, ತಪ್ಪು ನನ್ನದು. ಹುಡುಗಿಯನ್ನು ಕೆಲಸದಿಂದ ತೆಗೆಯಬೇಡಿ."

ಅವರು ಕನ್ನಡಕ ತೆಗೆದು ನನ್ನನ್ನು ನೋಡಿದರು. "ತೆಗೆಯುವುದಾ? ಯಾಕೆ? ಇಲ್ಲಿಯವರೆಗೆ ಷರಾ ಬರೆದ ಒಬ್ಬಳೇ ನೌಕರಳು ಅವಳು. ಒಂದೇ ಒಂದು ಕಡೆ ಬದಲಿಸಿದ್ದೇನೆ." ಕಾಗದ ತೋರಿಸಿದರು. 'ಚಟ್ನಿ ಅರೆಯಲು' ಎಂಬಲ್ಲಿ ಗೆರೆ ಎಳೆದು 'ಸಾಂಪ್ರದಾಯಿಕ ಪೂರ್ವಸಂಸ್ಕರಣೆಗೆ' ಎಂದು ಬರೆದಿದ್ದರು. ಮೇಲೆ ಸೀಲು.

"ಆದರೆ ಸಾರ್, ಅದು ಚಟ್ನಿಯೇ" ಎಂದಳು ಅಕ್ಷಿತಾ.

"ನಾನು ಅಲ್ಲ ಎಂದು ಎಲ್ಲಿ ಹೇಳಿದೆ? ಸತ್ಯವನ್ನೇ ಬರೆದಿದ್ದೇವೆ. ಹನ್ನೊಂದು ಸಾವಿರ ಜನ ನೋಡಿದ ಸತ್ಯಕ್ಕೆ ಸ್ವಲ್ಪ ಮರ್ಯಾದೆಯ ಹೆಸರು ಬೇಡವಾ?" ಎಂದು ಅವರು ಪುಸ್ತಕ ಮುಚ್ಚಿದರು. "ವಿದೇಶದವರು ಎರಡನೇ ಮಾದರಿ ಕೇಳುತ್ತಿದ್ದಾರೆ. ಮೊದಲನೆಯದ್ದರ ಹಾಗೆಯೇ ಇರಬೇಕು. ಹೇಗೆ ಮಾಡುವುದೆಂದು ಈಗ ನಮಗೆ ಗೊತ್ತಾಯಿತಲ್ಲ."

ಅಕ್ಷಿತಾ ಕೀಲಿಯನ್ನು ಬ್ಯಾಗಿಗೆ ಹಾಕಿದಳು.

ಒಂದು ತಿಂಗಳ ಒಳಗೆ ಆದೇಶ ಬಂತು. ಅದು ಈಗ ಬಾಗಿಲಿನಲ್ಲಿ ಅಂಟಿಸಿ ಉಂಟು:

'ಅನುಭವಿ ಮಹಿಳೆಯರಿಗೆ ಪ್ರತಿ ಬುಧವಾರ ಶಿಲಾತಿರುಳಿನ ತುಂಡುಗಳನ್ನು ಮನೆಗೆ ನೀಡತಕ್ಕದ್ದು. ಸದರಿಯವರು ಒಂದು ವಾರ ಪೂರ್ವಸಂಸ್ಕರಣೆ ಮಾಡಿ ಮುಂದಿನ ಬುಧವಾರ ಹಿಂದಿರುಗಿಸತಕ್ಕದ್ದು. ಉಪ ಉತ್ಪನ್ನವಾದ ಚಟ್ನಿಯನ್ನು ಸದರಿಯವರು ಸೇವಿಸತಕ್ಕದ್ದಲ್ಲ. ವಿಲೇವಾರಿಗಾಗಿ ಬೆಳ್ತಂಗಡಿ ಕಚೇರಿಗೆ ಕಳುಹಿಸತಕ್ಕದ್ದು.'

ಈಗ ಬುಧವಾರ ಬ್ರಾಂಚಿಗೆ ಹೋಗಬೇಕು. ಅದೇ ಕಟ್ಟಡ, ಅದೇ ಚೀಲ, ಅದೇ ಸಾಲು. ಮೂವತ್ತೆರಡು ಹೆಂಗಸರು ಮನೆಮನೆಯಲ್ಲಿ ಆರುನೂರು ಮೀಟರ್ ಆಳದ ಕಲ್ಲಿನಲ್ಲಿ ಅರೆಯುತ್ತಾರೆ. ಚಟ್ನಿ ಡಬ್ಬದಲ್ಲಿ ತುಂಬಿ ಹತ್ತು ಗಂಟೆಯ ಬಸ್ಸಿಗೆ ಏರಿಸುತ್ತೇವೆ. ಬೆಳ್ತಂಗಡಿ ಕಚೇರಿಯಲ್ಲಿ ಬುಧವಾರ ಮಧ್ಯಾಹ್ನ ಎಲ್ಲರಿಗೂ ಗಂಜಿ ಊಟ ಎಂದು ಕೇಳಿದ್ದೇನೆ. ಧನರಾಜ್ ಸಾರ್ ಈಗ ಬರೀ ನಿರ್ದೇಶಕರು, ಸಹಾಯಕ ಹೋಗಿದೆ. ಮುಖ ತುಂಬಿಕೊಂಡಿದೆ. ನನ್ನ ಮನೆಯ ಚಟ್ನಿಗೆ ನಾನು ಮಿಕ್ಸಿ ತೆಗೆದುಕೊಂಡೆ. ಕಲ್ಲು ಸರಕಾರದ್ದು, ಅದರಲ್ಲಿ ಸ್ವಂತದ್ದು ಅರೆಯಲಿಕ್ಕೆ ಇಲ್ಲ.

ಅಕ್ಷಿತಾಳ ಗುತ್ತಿಗೆ ಇನ್ನೂ ಹನ್ನೊಂದು ತಿಂಗಳು ಮುಂದೆ ಹೋಗಿದೆ. ಮೊದಮೊದಲು ಮುಖ ಸಿಂಡರಿಸುತ್ತಿದ್ದಳು. ಈಗ, "ಅಜ್ಜಿ, ನಿಮ್ಮ ಮಾದರಿಯಲ್ಲಿ ಬೆಳ್ಳುಳ್ಳಿ ಕಡಿಮೆ, ಗ್ರಾಫ್ ಬೀಳ್ತದೆ" ಎಂದು ಗದರಿಸುತ್ತಾಳೆ. ಕತಾರಿನವನಿಗೆ ಮದುವೆ ಆಯಿತು. ಆ ಕಾರಿನವರ ಮಗಳನ್ನೇ ಆದದ್ದಂತೆ. ಅದು ನಾನು ಹೇಳುವುದಲ್ಲ.

ಕಲ್ಲು ಪರೀಕ್ಷಿಸಿ ತೆಗೆದುಕೊಳ್ಳಲಿಕ್ಕೆ ತಿಳಿದವರೊಬ್ಬರು ಬೇಕಾಯಿತು, ಜತ್ತಪ್ಪನನ್ನು ಚೆಕ್ಕರ್ ಮಾಡಿದರು. ಬೆರಳಲ್ಲಿ ತಿರುಗಿಸುತ್ತಾನೆ, ಮೂಸುತ್ತಾನೆ. ಕಳೆದ ಬುಧವಾರ ನನ್ನ ಎರಡು ತುಂಡು ಬದಿಗೆ ಎಸೆದ.

"ಉಪ್ಪು ಸಾಲದು ಕಾವೇರಕ್ಕ."

"ನೀವು ನೆಕ್ಕಿ ನೋಡಿದಿರಾ?"

"ನಾಲ್ವತ್ತು ವರ್ಷದ ಮೂಗು ಇದು."

ನಾನು ಸಹಿ ಮಾಡಿದೆ. ಅವನು ಉಳಿದದ್ದನ್ನು ಪೆಟ್ಟಿಗೆಯಲ್ಲಿ ಜೋಡಿಸಿದ. ಕೊನೆಯ ಸಾಲಿನಲ್ಲಿ ಒಂದು ತುಂಡು ಹಿಡಿಸಲಿಲ್ಲ. ಒತ್ತಿ ನೋಡಿದ, ತಿರುಗಿಸಿ ನೋಡಿದ. ಮತ್ತೆ ಆಚೆ ಈಚೆ ನೋಡಿ ಅದನ್ನು ತನ್ನ ಚೀಲಕ್ಕೆ ಹಾಕಿದ. ನಾನು ನೋಡಿದೆ. ನಾನು ನೋಡಿದ್ದನ್ನು ಅವನೂ ನೋಡಿದ.

ದೇವರಾಣೆ ಯಾರಿಗೂ ಹೇಳಬಾರದೆಂದೇ ಇದ್ದೆ. ಆದರೆ ಖಾಲಿ ಚೌಕ ಬಿದ್ದರೆ ಹುಡುಗಿಯ ಕೆಲಸ ಅಲ್ಲವಾ ಎಂದು ಸೀದಾ ಒಳಗೆ ಹೋಗಿ ಅಕ್ಷಿತಾಳ ಕಿವಿಯಲ್ಲಿ ಹೇಳಿದೆ. ಅವಳು ಕಂಪ್ಯೂಟರಿನಿಂದ ತಲೆ ಎತ್ತಲಿಲ್ಲ. ಆ ತುಂಡಿನ ಚೌಕವನ್ನು ತೋರಿಸಿದಳು. ಆಗಲೇ ಭರ್ತಿ ಮಾಡಿ, ಸೀಲು ಕೂಡ ಬಂದಿತ್ತು:

'ಜತ್ತಪ್ಪ, ವಾಮದಪದವು. ಪೂರ್ವಸಂಸ್ಕರಣೆಯಲ್ಲಿದೆ.'